ಯಜಮಾನ್ರನ್ನ ಕರ್ಕೊಂಡು ಬರ್ರಿ

ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯ ಗಾಂಧಿನಗರದ ಒಂದು ಸಂಗೀತದ ಅಂಗಡಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದೆ. ಬಾಗಿಲ ಮೇಲೆ ‘ಸರ್ವರಿಗೂ ಸುಸ್ವಾಗತ’ ಎಂಬ ಬೋರ್ಡಿತ್ತು. ಅದನ್ನು ನಂಬಿ ಸಿರಿಗೇರಿಯಿಂದ ಒಬ್ಬ ಹೆಣ್ಣುಮಗಳು ಹಾರ್ಮೋನಿಯಂ ಪೇಟಿ ಕೊಳ್ಳಲು ಬಸ್ಸು ಹತ್ತಿ ಬಂದಳು. ಊರಿನ ಭಜನೆಗೆ ಪೇಟಿ ಬಾರಿಸುವಾಕೆ ಆಕೆಯೇ. ಒಂದು ಪೇಟಿಗೆ ಕೈ ಹಚ್ಚಿದ್ದೇ ತಡ, ನಮ್ಮ ಸಾವ್ಕಾರರು ಓಡಿ ಬಂದರು.

“ಮುಟ್ಟಬ್ಯಾಡ್ರಿ ಅವ್ವಾರ. ಯಜಮಾನ್ರನ್ನ ಕರ್ಕೊಂಡು ಬರ್ರಿ. ಅವರು ಸ್ವರ ಕೇಳಿ ಆರಿಸ್ತಾರ.”

ಮರುವಾರ ಆಕೆ ಗಂಡನನ್ನು ಕರೆತಂದಳು. ಆತನಿಗೆ ಕುರ್ಚಿ, ಚಹಾ. ಆಕೆಗೆ ಹೊಸ್ತಿಲು. ಸಾವ್ಕಾರರು ಆಕೆಗೆ ಬೆನ್ನು ಹಾಕಿ ಕೂತು, ಒಂದಾದ ಮೇಲೊಂದು ನಾಲ್ಕು ಪೇಟಿ ಬಾರಿಸಿದರು. ಮೂರಕ್ಕೆ ಆತ ಬೇಡವೆಂದು ತಲೆಯಾಡಿಸಿದ. ನಾಲ್ಕನೆಯದಕ್ಕೆ ಹೂಂ ಅಂದ. ಅಂಗಡಿಯಲ್ಲಿ ನೆಟ್ಟಗೆ ಶ್ರುತಿಯಲ್ಲಿದ್ದದ್ದು ಅದೊಂದೇ.

“ನೋಡಲೇ, ಗಂಡಸಿನ ಕಿವಿ ಅಂದ್ರ ಹಿಂಗಿರಬೇಕು,” ಎಂದು ಸಾವ್ಕಾರರು ನನಗೆ ಪಾಠ ಹೇಳಿದರು.

ಪೇಟಿ ಕಟ್ಟಿಕೊಡುತ್ತ, ಸಂಗೀತ ಎಲ್ಲಿ ಕಲಿತಿರಿ ಎಂದು ಆತನನ್ನು ಕೇಳಿದೆ. ಆತ ಹೆಂಡತಿಯ ಮುಖ ನೋಡಿದ.

“ಅವರಿಗೆ ಕಿವಿ ಕೇಳಂಗಿಲ್ರಿ,” ಅಂದಳು ಆಕೆ. “ನಾನು ಇಲ್ಲಿಂದ ಕೈಸನ್ನಿ ಮಾಡಿದ್ನ್ರಿ.”

ಸಾವ್ಕಾರರು ತಪ್ಪನ್ನು ತಿದ್ದಿಕೊಳ್ಳದೆ ಬಿಡುವವರಲ್ಲ. ಮರುದಿನವೇ ಬೋರ್ಡಿನ ಕೆಳಗೆ ಒಂದು ಸಾಲು ಸೇರಿಸಿದರು: ‘ಹೆಣ್ಣುಮಕ್ಕಳು ಕಿವಿ ಕೇಳುವ ಯಜಮಾನರನ್ನೇ ಕರೆತರಬೇಕು.’