ಹಳೆ ಕ್ಯಾಮೆರಾಗಳ ಆನ್ಸಿಲ್ಲಾ ಬಾಯಿ

ಕಾಪು ಕಡಲತೀರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರವತ್ತೊಂದು ವರ್ಷದ ಆನ್ಸಿಲ್ಲಾ ಬಾಯಿ ಬಂಡೆಯ ಮೇಲೆ ಸ್ಟ್ಯಾಂಡ್ ಊರಿ, ಎರಡು ಲೆನ್ಸಿನ ಹಳೆ ಕ್ಯಾಮೆರಾದೊಳಗೆ ಬಗ್ಗಿ ದೀಪಸ್ತಂಭವನ್ನು ನೋಡುತ್ತಿದ್ದಾರೆ. ಬೆಳಕು ಏರಿದ ಹಾಗೆ ಶಟರಿನ ವೇಗವನ್ನೂ ಏರಿಸುತ್ತಾರೆ. ಈ ಅಗಲ ರೀಲಿನಲ್ಲಿ ಸಿಗುವುದು ಹನ್ನೆರಡೇ ಫೋಟೋ. ಒಂದೊಂದರ ವೇಗವನ್ನೂ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ.

ಕ್ಯಾಮೆರಾ ಮಣಿಪಾಲದ ವಿದ್ಯಾರ್ಥಿನಿ ಅಕ್ಷಿತಾಳದ್ದು. ಅಗ್ಗಕ್ಕೆ ಸಿಕ್ಕಿತೆಂದು ಯಾರಿಂದಲೋ ಕೊಂಡದ್ದು. ಪಡುಬಿದ್ರಿಯ ಮೀನುಗಾರ ಹೆಂಗಸರ ಚಿತ್ರ ತೆಗೆದು ಪ್ರದರ್ಶನಕ್ಕೆ ಕೊಡಬೇಕು, ದಿನ ಹತ್ತಿರ ಬಂದಿದೆ.

"ಅಗ್ಗದ್ದು ಅಂತ ಹೆದರುವುದು ಬೇಡ," ಎಂದು ಅವಳು ರಿಪೇರಿಗೆ ತಂದ ದಿನವೇ ಹೇಳಿದ್ದರು ಬಾಯಿ. "ಕಪಾಟಿನಲ್ಲಿ ಸುಮ್ಮನೆ ಇಟ್ಟದ್ದೇ ಹಾಳಾಗುವುದು. ಗ್ರೀಸ್ ಗಟ್ಟಿಯಾಗ್ತದೆ, ಲೆನ್ಸಿಗೆ ಬೂಸಲು ಹಿಡಿತದೆ."

ಉಡುಪಿಯ ಕ್ಯಾಮೆರಾ ರಿಪೇರಿ ಅಂಗಡಿಯೊಂದಕ್ಕೆ ಕಸ ಗುಡಿಸಲು ಸೇರಿದ್ದ ಅವರಿಗೆ ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದವರು ಮಾಲೀಕ ಕರುಣಾಕರ. ಅಂಗಡಿ ಮುಚ್ಚಿದ ಮೇಲೆ ಬನ್ನಂಜೆಯ ಮನೆಯಲ್ಲೇ ಕೆಲಸ. ಕಳೆದ ವರ್ಷ ಬಂದ ನಲವತ್ತೊಂದು ಕ್ಯಾಮೆರಾಗಳಲ್ಲಿ ಒಂಬತ್ತನ್ನು 'ಇದು ಆಗುವುದಿಲ್ಲ' ಎಂದು ವಾಪಸು ಕೊಟ್ಟಿದ್ದಾರೆ.

ಈ ಕಟ್ಟುನಿಟ್ಟಿಗೆ ಕಾರಣ ಕಾರ್ಕಳದ ಒಂದು ಮದುವೆ. ಇಪ್ಪತ್ತೆರಡು ವರ್ಷದ ಹಿಂದೆ, ಶಟರಿನ ಸದ್ದು ಕೇಳಿಯೇ ಸರಿಯಿದೆಯೆಂದು ಫೋಟೋಗ್ರಾಫರ್ ಹೂವಪ್ಪನಿಗೆ ಕ್ಯಾಮೆರಾ ಕೊಟ್ಟುಬಿಟ್ಟಿದ್ದರು. ರೀಲು ಮುಂದಕ್ಕೆ ಸರಿಯಲೇ ಇಲ್ಲ. ಹನ್ನೆರಡು ಫೋಟೋ ಒಂದರ ಮೇಲೊಂದು ಬಿದ್ದವು. ಬಾಯಿ ತಾವೇ ಮದುಮಗಳು ವಿನೋದಾಳ ಮನೆಗೆ ಹೋಗಿ, "ತಪ್ಪು ಹೂವಪ್ಪನದ್ದಲ್ಲ, ನನ್ನದು" ಎಂದರು. ವಿನೋದಾ, "ಆದಿತ್ಯವಾರ ಬನ್ನಿ, ಫೋಟೋಗೆ ಮದುವೆ ಸೀರೆ ಇನ್ನೊಮ್ಮೆ ಉಟ್ಟರಾಯಿತು" ಎಂದಳು. ಅಂದಿನಿಂದ ಒಂದು ರೀಲು ಫೋಟೋ ತಾವೇ ತೆಗೆದು, ತೊಳೆದು ನೋಡದೆ ಬಾಯಿ ಯಾವ ಕ್ಯಾಮೆರಾವನ್ನೂ ಕೊಡುವುದಿಲ್ಲ.

ಕಾಪುವಿನಲ್ಲಿ ಫೋಟೋ ತೆಗೆದ ದಿನವೇ ಸಂಜೆ ಅಕ್ಷಿತಾ ಮನೆಗೆ ಬರುತ್ತಾಳೆ. ತೊಳೆದ ರೀಲಿನ ಅಂಚಿನಲ್ಲಿ ಕಪ್ಪು ಕಲೆ: ಕ್ಯಾಮೆರಾದ ಹಿಂಬಾಗಿಲಿನಲ್ಲಿ ಬೆಳಕು ತಡೆಯುವ ಸ್ಪಂಜು ಪುಡಿಯಾಗಿ ಬೆಳಕು ಒಳನುಗ್ಗಿದೆ.

"ಹೀಗೇ ಕೊಡಿ ಆಂಟಿ, ನಾಳೆಯೇ ಪಡುಬಿದ್ರಿಗೆ ಹೋಗ್ಲಿಕ್ಕುಂಟು."

"ಆ ಹೆಂಗಸರು ಕೆಲಸ ಬಿಟ್ಟು ನಿನಗಾಗಿ ನಿಲ್ಲುವವರು, ಅಲ್ವಾ? ಫೋಟೋ ಹಾಳಾದರೆ ಅವರಿಗೆ ಎಂತ ಹೇಳ್ತಿ ಮಗಾ? ಎರಡು ದಿನ ತಡಿ."

ಮುಖ ಸಣ್ಣದು ಮಾಡಿಕೊಂಡು ಹೋದವಳು ಮೂರನೆಯ ದಿನ ಮತ್ತೆ ಬರುತ್ತಾಳೆ. ಹೊಸ ಸ್ಪಂಜು, ಹೊಸ ರೀಲು. ಈ ಸಲ ಅಂಚು ಶುಭ್ರ. ರೀಲನ್ನು ಕಿಟಕಿಗೆ ಹಿಡಿದು ನೋಡಿದ ಅಕ್ಷಿತಾ, "ಇನ್ನು ಎಷ್ಟು ವರ್ಷ ಬರಬಹುದು ಆಂಟಿ?" ಎನ್ನುತ್ತಾಳೆ.

"ನಾನಿರುವಷ್ಟು ದಿನ ಬರ್ತದೆ," ಎಂದು ಬಾಯಿ ಕ್ಯಾಮೆರಾವನ್ನು ಅವಳ ಕೊರಳಿಗೆ ಹಾಕುತ್ತಾರೆ. "ಕೈಕೊಟ್ಟರೆ ಮನೆ ಗೊತ್ತುಂಟಲ್ಲ, ಬಾ."