ಹುಲಿಗೆಮ್ಮನ ಹೆಬ್ಬೆಟ್ಟಿಗೆ ಆರು ವಾರ ರಜೆ

ಹೋದ ವರ್ಷ ಲಿಂಗಸುಗೂರಿನ ಕೋರ್ಟಿನಲ್ಲಿ ನಾನು ಒಬ್ಬ ಹೆಂಗಸಿನ ಹೆಬ್ಬೆರಳಿಗೆ ಹನ್ನೊಂದು ಸಲ ಮಸಿ ಬಳಿದೆ. ಹನ್ನೊಂದು ಸಲವೂ ಕಾಗದದ ಮೇಲೆ ಬಿದ್ದದ್ದು ಬರೀ ಕರೀ ಕಲೆ. ಒಂದು ಗೆರೆಯಿಲ್ಲ, ಒಂದು ಸುಳಿಯಿಲ್ಲ.

ಹನ್ನೆರಡನೆಯ ಸಲಕ್ಕೆ ನನ್ನ ತಲೆ ಕೆಟ್ಟಿತು. "ಸರಿಯಾಗಿ ಒತ್ತವಾ! ಬೇಕಂತ ಮಾಡಾಕತ್ತೀ ಏನು?" ಎಂದು ಎಲ್ಲರೆದುರು ಗದರಿದೆ. (ನಾನು ಆಕೆಯ ಪರ ವಕೀಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎದುರು ಪಾರ್ಟಿಯ ವಕೀಲರು ಅಷ್ಟು ಜೋರಾಗಿ ಗದರಿರಲಿಲ್ಲ.)

ಆಕೆ ಸೆರಗಿನಿಂದ ಬೆರಳು ಒರೆಸಿಕೊಂಡು, "ಒತ್ತಾಕತ್ತೀನ್ರೀ ವಕೀಲ್ರ. ಬರವಲ್ದು. ನಾ ಏನ್ ಮಾಡ್ಲಿ?" ಎಂದಳು.

ಆಕೆಯ ಹೆಸರು ಹುಲಿಗೆಮ್ಮ. ವಳಕಮದಿನ್ನಿಯವಳು. ಗಂಡ ತೀರಿಕೊಂಡಿದ್ದಾನೆ, ಇರುವುದು ಮೂರು ಎಕರೆ ಹೊಲ. ಕಾಲುವೆ ಬರುವ ಮುಂಚೆ ಆ ಹೊಲವನ್ನು ಪುಕ್ಕಟೆ ಕೊಟ್ಟರೂ ಕೇಳುವವರಿರಲಿಲ್ಲ. ನೀರು ಬಂತು, ನೆಲ್ಲು ಬಂತು, ಹಿಂದೆಯೇ ಆಕೆಯ ಮೈದುನ ಒಂದು ಖರೀದಿ ಪತ್ರ ಹಿಡಿದುಕೊಂಡು ಬಂದ. ನೀರು ಬರುವ ಹಿಂದಿನ ವರ್ಷದ ತಾರೀಖು. ಅತ್ತಿಗೆ ಹೊಲವನ್ನು ತನಗೆ ಮಾರಿದ್ದಾಳೆ, ಇಗೋ ಅವಳ ಹೆಬ್ಬೆಟ್ಟು ಎಂದ.

"ಆ ಕಾಗದ ನಾ ಕಣ್ಣೀಲೆ ನೋಡಿಲ್ಲ" ಎನ್ನುವುದೊಂದೇ ಹುಲಿಗೆಮ್ಮನ ಮಾತು.

ಕೇಸು ಸಲೀಸು ಎಂದುಕೊಂಡೆ. ಪತ್ರದ ಮೇಲಿನ ಗುರುತು, ಆಕೆಯ ಗುರುತು ಎರಡನ್ನೂ ಪಕ್ಕಪಕ್ಕ ಇಟ್ಟರೆ ಮುಗಿಯಿತು. ಆದರೆ ಪಕ್ಕದಲ್ಲಿ ಇಡಲು ಗುರುತೇ ಇಲ್ಲವೆಂದರೆ? ನ್ಯಾಯಾಧೀಶರು ಆ ಕಲೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಬೇಕೆಂದೇ ಕೆಡಿಸುತ್ತಿದ್ದಾಳೆ ಎಂದು ಅವರಿಗೆ ಅನ್ನಿಸಿದರೆ ಹೊಲ ಹೋದಂತೆಯೇ.

ನಗಬೇಡಿ, ಈ ಹೆಬ್ಬೆಟ್ಟಿನ ವಿದ್ಯೆಯ ಬಗ್ಗೆ ನಾನು ಸಾಕಷ್ಟು ಓದಿಕೊಂಡೇ ಹೋಗಿದ್ದೆ. ನೂರು ವರ್ಷಕ್ಕೂ ಹಿಂದೆ, ಬಂಗಾಳದಲ್ಲಿ ಒಬ್ಬ ಬಿಳಿ ಸಾಹೇಬ ರಸ್ತೆಗೆ ಜಲ್ಲಿ ಒದಗಿಸುವ ಕಂತ್ರಾಟುದಾರನಿಂದ ಕರಾರಿನ ಮೇಲೆ ಇಡೀ ಅಂಗೈ ಒತ್ತಿಸಿಕೊಂಡನಂತೆ. ಆಗ ವಿಜ್ಞಾನದ ಮಾತೇ ಇರಲಿಲ್ಲ. ನಾಳೆ 'ಸಹಿ ನನ್ನದಲ್ಲ' ಎನ್ನಬಾರದೆಂದು ಸುಮ್ಮನೆ ಹೆದರಿಸಿದ್ದು, ಅಷ್ಟೇ. ಆಮೇಲೆ ಸಾಹೇಬನಿಗೇ ಹುಚ್ಚು ಹಿಡಿಯಿತು. ಕಂಡಕಂಡವರ ಬೆರಳು ಒತ್ತಿಸಿಕೊಂಡು ವರ್ಷಗಟ್ಟಲೆ ಕಾಪಿಟ್ಟ. ವಯಸ್ಸಾದರೂ ಗೆರೆ ಬದಲಾಗುವುದಿಲ್ಲ ಎಂಬುದು ಹೀಗೆ ತಿಳಿಯಿತು. ಮುಂದೆ ಕಲ್ಕತ್ತೆಯಲ್ಲಿ ಆ ಗೆರೆಗಳನ್ನು ವಿಂಗಡಿಸುವ ಪದ್ಧತಿಗಾಗಿ ತಲೆ ಕೆಡಿಸಿಕೊಂಡವರು ನಮ್ಮವರೇ ಇಬ್ಬರು ಪೊಲೀಸ್ ನೌಕರರು. ಹೆಸರು ಬಂದದ್ದು ಅವರ ಮೇಲಧಿಕಾರಿಯಾಗಿದ್ದ ಇನ್ನೊಬ್ಬ ಸಾಹೇಬನಿಗೆ. (ಆಫೀಸಿನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕೆ?)

ಇಷ್ಟೆಲ್ಲ ಗೊತ್ತಿತ್ತು. ಜಲ್ಲಿ ಒದಗಿಸುವವನ ಅಂಗೈ ಗೊತ್ತಿತ್ತು. ಜಲ್ಲಿ ಒಡೆಯುವವರ ಬೆರಳು ಏನಾಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದನ್ನು ಹೇಳಿದ್ದು ಬೆಂಗಳೂರಿನ ಬೆರಳಚ್ಚು ತಜ್ಞರ ಕಾಗದ. ಕೋರ್ಟು ಕಳಿಸಿದ್ದ ಆ ಕಲೆಗಳನ್ನು ನೋಡಿ ಅವರು ಬರೆದಿದ್ದರು: ಈಕೆ ಮಾಡುವ ಕೆಲಸವೇನು? ಕಲ್ಲು, ಸುಣ್ಣದ ಕೆಲಸವಾದರೆ ಗೆರೆ ಸವೆದಿರುತ್ತವೆ. ಕೈಗೆ ವಿಶ್ರಾಂತಿ ಕೊಟ್ಟರೆ ಅವೇ ಗೆರೆಗಳು ತಿರುಗಿ ಮೂಡುತ್ತವೆ. ಆರು ವಾರ ಬಿಟ್ಟು ಮತ್ತೆ ತೆಗೆಯಿರಿ.

ಆಗ ಮೊದಲ ಸಲ ಹುಲಿಗೆಮ್ಮನ ಕೈಯನ್ನು ಸರಿಯಾಗಿ ನೋಡಿದೆ. ನಾಲ್ಕು ವರ್ಷ ಕಾಲುವೆ ಕೆಲಸದಲ್ಲಿ ಜಲ್ಲಿ ಒಡೆದು, ಗಾರೆ ಹೊತ್ತು, ಹೆಬ್ಬೆರಳ ತುದಿ ಹುಣಸೆ ಬೀಜದಂತೆ ನುಣ್ಣಗಾಗಿತ್ತು. ಈಗಲೂ ಅದೇ ಕೂಲಿ. ಅಂದು ಗದರಿದ್ದು ನೆನಪಾಗಿ ನನಗೆ ಬಹಳ ಕೆಟ್ಟದೆನಿಸಿತು.

"ಆರು ವಾರ ಕೈಗೆ ಕೆಲಸ ಕೊಡಬ್ಯಾಡವಾ. ಕಲ್ಲು ಬ್ಯಾಡ, ರೊಟ್ಟಿ ಬ್ಯಾಡ, ಮುಸುರಿ ಬ್ಯಾಡ" ಎಂದೆ.

ಹುಲಿಗೆಮ್ಮ ನಕ್ಕುಬಿಟ್ಟಳು. "ಬಾಣಂತ್ಯಾಗೂ ನಾ ಇಷ್ಟು ದಿನ ಕುಂತಿಲ್ರೀ. ಹೊಟ್ಟಿಗೆ ಏನ್ ತಿನ್ಲಿ?"

ಜೊತೆಗೆ ಬಂದಿದ್ದ ಪಕ್ಕದ ಮನೆಯ ನಿಂಗಮ್ಮ ತಟ್ಟನೆ ಹೇಳಿದಳು: "ನೀ ಸುಮ್ನ ಕುಂದ್ರ ಬೇ. ನಾವು ಮುಯ್ಯಿ ಮಾಡ್ತೀವಿ."

ಮುಯ್ಯಿ ನಿಮಗೆ ಗೊತ್ತಲ್ಲ? ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಕಳೆ ಕೀಳಲು, ನಾಟಿಗೆ, ಕೊಯ್ಲಿಗೆ ಮುಯ್ಯಿ ಮಾಡುವುದನ್ನು ಕಂಡಿದ್ದೇನೆ. ಹೆಬ್ಬೆರಳಿಗೆ ಮುಯ್ಯಿ ಮಾಡಿದ್ದನ್ನು ಅಲ್ಲೇ ಕಂಡದ್ದು.

ಒಬ್ಬಳು ರೊಟ್ಟಿ ಬಡಿದುಕೊಟ್ಟಳು, ಇನ್ನೊಬ್ಬಳು ನೀರು ತಂದಳು, ಮತ್ತೊಬ್ಬಳು ಪಾತ್ರೆ ತಿಕ್ಕಿದಳು. ಹೊಲದ ಕಳೆಗೆ ನಾಲ್ವರು ಇಳಿದರು. ಮಸ್ಕಿಯಲ್ಲಿ ಬಸ್ಸು ಬದಲಿಸಿ ನಾನು ಎರಡು ಭಾನುವಾರ ಹೋಗಿ ನೋಡಿದೆ. ಓಣಿಯ ಮುದುಕಿಯೊಬ್ಬಳು ದಿನಾ ಬೆಳಿಗ್ಗೆ ಆಕೆಯ ಹೆಬ್ಬೆರಳನ್ನು ಬಿಸಿಲಿಗೆ ಹಿಡಿದು, ನೆಲ್ಲಿನ ಮಡಿ ನೋಡಿದ ಹಾಗೆ ನೋಡಿ, "ಇನ್ನಾ ಮೊಳಕಿ ಬಂದಿಲ್ಲ" ಎನ್ನುತ್ತಿದ್ದಳು. ಹುಲಿಗೆಮ್ಮ ಕುಳಿತಲ್ಲಿ ಕೂರಲಾರದೆ ಒಮ್ಮೆ ಕಸಬರಿಗೆ ಹಿಡಿದಳು. ಇಡೀ ಓಣಿ ಬೈದು ಕಿತ್ತುಕೊಂಡಿತು.

ಆರು ವಾರದ ಮೇಲೆ ಕೋರ್ಟಿನಲ್ಲಿ ಮತ್ತೆ ಮಸಿ ಬಳಿದೆ. ಬಾಗಿಲಲ್ಲಿ ವಳಕಮದಿನ್ನಿಯ ಹೆಂಗಸರು ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುತ್ತ ನಿಂತಿದ್ದರು. ಹುಲಿಗೆಮ್ಮ ಒತ್ತಿದಳು, ಬೆರಳು ಎತ್ತಿದಳು. ಕಾಗದದ ಮೇಲೆ ತೆಳ್ಳನೆಯ ಗೆರೆಗಳು, ನಡುವೆ ಒಂದು ದುಂಡನೆಯ ಸುಳಿ!

ಖರೀದಿ ಪತ್ರದ ಹೆಬ್ಬೆಟ್ಟಿನಲ್ಲಿ ಸುಳಿಯೇ ಇರಲಿಲ್ಲ, ಗೆರೆಗಳು ಬಾಗಿ ಬಂದ ಕಡೆಗೇ ತಿರುಗುವ ಕುಣಿಕೆಯಿತ್ತು. ಮೈದುನ ಬೇರೆ ಯಾರನ್ನೋ ಕರೆದೊಯ್ದು ಒತ್ತಿಸಿದ್ದ. ಆ ತಾರೀಖಿಗೆ ಹುಲಿಗೆಮ್ಮ ಕಾಲುವೆಯಲ್ಲಿ ಜಲ್ಲಿ ಒಡೆಯುತ್ತಿದ್ದಳು, ಅಷ್ಟು ಸ್ಪಷ್ಟವಾದ ಹೆಬ್ಬೆಟ್ಟು ಆಕೆಯದ್ದು ಆಗಿರಲಾರದು ಎಂದು ನನಗೆ ಮೊದಲ ದಿನವೇ ಹೊಳೆಯಬೇಕಿತ್ತು. ಹೊಲ ಹುಲಿಗೆಮ್ಮನಿಗೇ ಉಳಿಯಿತು.

ಕಳೆದ ವಾರ ಆಕೆ ತೀರ್ಪಿನ ನಕಲು ಪಡೆಯಲು ಬಂದಳು. ಗುಮಾಸ್ತರು ರಿಜಿಸ್ಟರ್ ಮುಂದಿಟ್ಟರು. ಒತ್ತಿದಳು. ಕರೀ ಕಲೆ!

"ಏನವಾ ಇದು? ಗುರುತ ಮೂಡವಲ್ದು, ನಕಲು ಹೆಂಗ ಕೊಡ್ಲಿ?" ಎಂದರು ಗುಮಾಸ್ತರು.

ಹುಲಿಗೆಮ್ಮ ನನ್ನ ಕಡೆ ತಿರುಗಿ, ನುಣ್ಣನೆಯ ಹೆಬ್ಬೆರಳು ಎತ್ತಿ ತೋರಿಸಿ ನಕ್ಕಳು. "ಮುಯ್ಯಿ ತೀರಿಸಾಕತ್ತೀನ್ರೀ ವಕೀಲ್ರ. ಇನ್ನಾ ನಾಲ್ಕು ಮನಿ ಅದಾವ."

'ಈಕೆಯನ್ನು ನಾನು ಬಲ್ಲೆ' ಎಂದು ಬರೆದು ಸಹಿ ಹಾಕಿ ನಕಲು ಕೊಡಿಸಿದೆ. ಓದುಬರಹ ಬಾರದವರನ್ನು ನಾವು ಹೆಬ್ಬೆಟ್ಟು ಎಂದು ಎಷ್ಟು ಸಲೀಸಾಗಿ ಹಂಗಿಸುತ್ತೇವೆ! ಆಕೆ ಹೋದ ಮೇಲೆ, ಯಾರೂ ನೋಡದಾಗ, ಅದೇ ಮಸಿಯಲ್ಲಿ ನನ್ನ ಹೆಬ್ಬೆರಳನ್ನೂ ಅದ್ದಿ ಒಂದು ರದ್ದಿ ಕಾಗದದ ಮೇಲೆ ಒತ್ತಿದೆ.

ಗೆರೆಗಳು ಸ್ಪಷ್ಟವಾಗಿದ್ದವು, ನಾಚಿಕೆಯಾಗುವಷ್ಟು ಸ್ಪಷ್ಟವಾಗಿದ್ದವು.