ಗೆರೆಯೊಳಗೆ ಒಂದು ಬೆರಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಸ ಕಟ್ಟಡದ ಮೂರನೇ ಮಹಡಿಯ ಬಚ್ಚಲುಮನೆಯಲ್ಲಿ ತೂತಣ್ಣ ಸಿಂಕನ್ನು ಗ್ರಾನೈಟಿನ ಮೇಲೆ ಬೋರಲು ಹಾಕಿ, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದಾರೆ. ಅರ್ಧ ಸುತ್ತು ಬರುವಷ್ಟರಲ್ಲಿ ಏದುಸಿರು. ಗೋಡೆ ಹಿಡಿದು ನಿಲ್ಲುತ್ತಾರೆ. ಕಟಿಂಗ್ ಮಿಷಿನ್ ಹಿಡಿದು ಕಾಯುತ್ತಿರುವ ಹೆಂಡತಿ ಅವಸರ ಮಾಡುವುದಿಲ್ಲ.

ಸಿಂಕು ಕೂರಿಸಲು ಕಲ್ಲಿಗೆ ತೂತು ಕೊರೆದೂ ಕೊರೆದೂ ಬಂದ ಹೆಸರು ತೂತಣ್ಣ. ನಾವು ದಿನಾ ಮುಖ ತೊಳೆಯುತ್ತೇವೆ. ಆ ಕಲ್ಲು ಕೊರೆದವರು ಯಾರೆಂದು ಒಮ್ಮೆಯಾದರೂ ಕೇಳಿದ್ದುಂಟೆ? ಕೊರೆಯುವಾಗ ಏಳುವ ಹಿಟ್ಟಿನಂಥ ದೂಳಿಗೆ ಮೂಗಿಗೆ ಕಟ್ಟಿದ ಬಟ್ಟೆ ಯಾವ ಲೆಕ್ಕ! ಆ ದೂಳು ಅವರ ಶ್ವಾಸಕೋಶದಲ್ಲಿ ಮನೆ ಮಾಡಿದೆ. "ಇನ್ನು ಮಿಷಿನ್ ಮುಟ್ಟಿದ್ರೆ ನನ್ನ ಹತ್ರ ಬರಲೇಬೇಡ ಅಂದ್ರು ಡಾಕ್ಟ್ರು. ನಾನು ಜೀವಮಾನದಲ್ಲಿ ಒಂದು ಬೀಡಿ ಸೇದಿಲ್ಲ ಸ್ವಾಮಿ. ಸೇದಿದ್ದು ಬರೀ ಕಲ್ಲು."

ಹಾಗಾಗಿ ಗೆರೆ ಗಂಡನದು, ಮಿಷಿನ್ ಹೆಂಡತಿಯದು. ಗೆರೆಯಿಂದ ಒಂದು ಬೆರಳು ಒಳಗೆ ಕೊಯ್ಯಬೇಕು. ಸಿಂಕಿನ ಅಂಚು ಕೂರುವುದೇ ಆ ಬೆರಳಗಲದ ಮೇಲೆ. ಮೊದಲ ದಿನ ಆಕೆ ನೀಟಾಗಿ ಗೆರೆಯ ಮೇಲೇ ಕೊಯ್ದರು. ಸಿಂಕು ಸೀದಾ ಕೆಳಗಿನ ಕಪಾಟಿಗಿಳಿಯಿತು. "ಗೆರೆ ದಾಟಬೇಡ ಅಂದ್ರು, ದಾಟಲಿಲ್ಲ," ಎನ್ನುತ್ತಾರೆ ಆಕೆ. "ಒಳಗೆ ಬಾ ಅನ್ನೋಕೆ ಇವರ ಬಾಯಿಗೇನಾಗಿತ್ತು?" ತೂತಣ್ಣ ನಗುತ್ತಾರೆ. ನಗು ಕೆಮ್ಮಾಗುತ್ತದೆ.

ಬ್ಲೇಡಿನ ಮೇಲೆ ನೀರು ಬೀಳುತ್ತಿದ್ದರೆ ದೂಳು ಕೆಸರಾಗಿ ಕೂರುತ್ತದೆ. ಆದರೆ ಹೊಸ ಮನೆಯಲ್ಲಿ ಕೆಸರು ಯಾರಿಗೆ ಬೇಕು? ಇಂದೂ ಮನೆ ಯಜಮಾನರು ಬಾಗಿಲಲ್ಲಿ ನಿಂತು ಹೇಳುತ್ತಾರೆ: "ಕಪಾಟಿಗೆ ಪಾಲಿಶ್ ಆಗಿದೆ. ನೀರು ಗೀರು ಬೇಡ, ಹಾಗೇ ಕತ್ತರಿಸಿಬಿಡಿ."

"ನೀರಿಲ್ದೆ ಇವಳು ಕೊಯ್ಯಲ್ಲ ಸಾರ್."

ಪುಣ್ಯಕ್ಕೆ ಕಲ್ಲನ್ನು ಇನ್ನೂ ಅಂಟಿಸಿಲ್ಲ. ಇಬ್ಬರೂ ಎತ್ತಿ ಬಾಲ್ಕನಿಗೆ ಒಯ್ಯುತ್ತಾರೆ. ಕೆಳಗಿಳಿಸಿದ ಮೇಲೆ ತೂತಣ್ಣನಿಗೆ ಉಸಿರೇ ಸಾಲುವುದಿಲ್ಲ. ಆದರೂ ಆಕೆ ಕೊಯ್ಯುವಷ್ಟು ಹೊತ್ತೂ ಬಾಟಲಿಯಿಂದ ಸಣ್ಣಗೆ ನೀರು ಬಿಡುವವರು ಅವರೇ. ತಾವು ಆಸ್ಪತ್ರೆಯಲ್ಲಿ ಮಲಗಿದ್ದಾಗ ಆಕೆ ಒಬ್ಬರೇ ಎಷ್ಟು ಮನೆಗಳಲ್ಲಿ ನೀರಿಲ್ಲದೆ ಕೊಯ್ದರೋ, ಕೇಳಲು ಅವರಿಗೆ ಧೈರ್ಯವಿಲ್ಲ.

ಇಂದಿನ ಸಿಂಕಿನ ಗಮ್ ಒಣಗಲು ನಾಳೆಯಾಗಬೇಕು. ನಿನ್ನೆ ಪಕ್ಕದ ಬಚ್ಚಲಲ್ಲಿ ಕೂರಿಸಿದ್ದಕ್ಕೆ ಈಗ ನೀರು ಬಿಟ್ಟು ನೋಡಬೇಕು. ಕಪಾಟಿನೊಳಗೆ ತಲೆ ತೂರಿಸುತ್ತಿರುವ ತೂತಣ್ಣನನ್ನು, ನಿಮ್ಮ ಆಸೆಯೇನು ಎಂದು ಕೇಳಿದರೆ, "ನಂದು ಆಗಿಹೋದ ಕತೆ. ಇವಳಿಗೆ ಈ ಕೆಮ್ಮು ಬರಬಾರದು, ಅಷ್ಟೇ," ಎನ್ನುತ್ತಾರೆ.

ಆಕೆ ನಲ್ಲಿ ಪೂರ್ತಿ ತಿರುಗಿಸುತ್ತಾರೆ. ತೂತಣ್ಣ ಸಂದಿನ ಉದ್ದಕ್ಕೂ ಬೆರಳಾಡಿಸಿ, "ಒಂದು ಹನಿ ಇಲ್ಲ ನೋಡು!" ಎಂದು ಒಳಗಿಂದಲೇ ಕೂಗುತ್ತಾರೆ. ಮೇಲೆ, ನೀರಿನ ಸದ್ದಿನ ನಡುವೆ, ಒಣಕೆಮ್ಮು. ಮತ್ತೊಮ್ಮೆ.

"ಏನೇ ಅದು?"

"ನೀರು ನೆತ್ತಿಗೆ ಹತ್ತಿತು ಕಣ್ರೀ."

ಕುಡಿಯುವ ನೀರಿನ ಬಾಟಲಿ ತೂತಣ್ಣನ ಮೊಣಕಾಲಿನ ಬಳಿಯೇ ಇದೆ. ಅದರ ಮುಚ್ಚಳ ಬಿಚ್ಚಿಲ್ಲ. ಅವರು ಕಪಾಟಿನೊಳಗಿಂದಲೇ ಹೇಳುತ್ತಾರೆ:

"ನಾಳೆಯಿಂದ ಮಿಷಿನ್ ನಾನು ಹಿಡೀತೀನಿ."